ಖಾಲಿ ಪಟ್ಟಿಯೂ ಪ್ರಮಾಣವೇ?

ಹುಡುಕಿದ ವಸ್ತು ಸಿಗದಿದ್ದಾಗ ಹುಡುಕಿದವನಿಗೆ ಏನಾದರೂ ತಿಳಿಯಿತೆ, ಅಥವಾ ತಿಳಿಯಬೇಕಾದದ್ದು ತಿಳಿಯದೆ ಉಳಿಯಿತೆ ಎಂಬುದು ಭಾರತೀಯ ಪ್ರಮಾಣಶಾಸ್ತ್ರದಲ್ಲಿ, ಅಂದರೆ ಜ್ಞಾನವು ಯಾವ ದಾರಿಗಳಿಂದ ಬರುತ್ತದೆ ಮತ್ತು ಬಂದದ್ದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು ವಿಚಾರಿಸುವ ಶಾಸ್ತ್ರದಲ್ಲಿ, ಸಾವಿರ ವರ್ಷಕ್ಕೂ ಮಿಕ್ಕಿ ನಡೆದ ವಾದದ ವಿಷಯವಾಗಿದೆ. ಈ ವಾದವನ್ನು ಸಂಸ್ಕೃತ ಪಾಠಶಾಲೆಗಳ ಸೊತ್ತೆಂದು ಬದಿಗಿಡುವ ರೂಢಿ ಬೆಳೆದುಬಂದಿದೆಯಾದರೂ, ಅದೇ ಪ್ರಶ್ನೆ ಇಂದು ತೀರ ಬೇರೆಯ ಜಾಗದಲ್ಲಿ, ಚಿಪ್ ವಿನ್ಯಾಸ ಕಲಿಸುವ ಪ್ರಯೋಗಾಲಯದ ಕಂಪ್ಯೂಟರ್ ಪರದೆಯ ಮೇಲೆ, ಶಾಸ್ತ್ರದ ಪರಿಚಯವೇ ಇಲ್ಲದವರ ಎದುರಿಗೆ ದಿನವೂ ಬಂದು ನಿಲ್ಲುತ್ತದೆ. ಕೆ.ವಿ. ಶಂಕರಗೌಡರ ಮುಂದಾಳತ್ವದಲ್ಲಿ 1962ರಲ್ಲಿ ಆರಂಭವಾದ ಮಂಡ್ಯದ ಪಿಇಎಸ್ ಎಂಜಿನಿಯರಿಂಗ್ ಕಾಲೇಜು ಕಬ್ಬು, ಭತ್ತಗಳ ಸೀಮೆಗೆ ತಾಂತ್ರಿಕ ಶಿಕ್ಷಣವನ್ನು ತಂದ ಸಂಸ್ಥೆ. ಇಂಥ ಕಾಲೇಜುಗಳ ಎಲೆಕ್ಟ್ರಾನಿಕ್ಸ್ ವಿಭಾಗಗಳಲ್ಲಿ ಚಿಪ್ ವಿನ್ಯಾಸ ಈಗ ಸಾಮಾನ್ಯ ಪಠ್ಯವಾಗಿದ್ದು, ಅದರ ಮೊದಲ ಪಾಠಗಳಲ್ಲೇ ವಿದ್ಯಾರ್ಥಿಯು ಒಂದು ಆಜ್ಞೆಯನ್ನು ಬೆರಳಚ್ಚಿಸಿ ‘ಬೋರ್ಡ್ ಎಲ್ಲಿದೆ?’ ಎಂದು ತಂತ್ರಾಂಶವನ್ನು ಕೇಳುತ್ತಾನೆ. ಉತ್ತರ ಖಾಲಿಯಾಗಿ ಬಂದಾಗ ಅದರಿಂದ ಏನನ್ನು ತಿಳಿಯಬೇಕು ಎಂಬುದೇ ಇಲ್ಲಿನ ವಿಚಾರ. ಈ ವಿಚಾರಕ್ಕೆ ಮಂಡ್ಯ, ಮದ್ದೂರು, ಮಳವಳ್ಳಿಗಳ ನೆಲದಲ್ಲಿ ಬೆಳೆದ ಮತಧರ್ಮಗಳು ಹೇಳುವುದೂ ಬಹಳವಿದೆ.

ಮೊದಲಿಗೆ ಪದಾರ್ಥಗಳ ಪರಿಚಯ ಆಗಬೇಕು. ಸಾಮಾನ್ಯ ಚಿಪ್ಪಿನೊಳಗಿನ ಸರ್ಕ್ಯೂಟು ಕಾರ್ಖಾನೆಯಲ್ಲೇ ಕೆತ್ತಿ ಮುಗಿದಿರುತ್ತದೆ; ಎಫ್‌ಪಿಜಿಎ ಎಂಬ ಬಗೆಯ ಚಿಪ್ಪಿನಲ್ಲಾದರೋ ಒಳಗಿನ ಜೋಡಣೆಯನ್ನು ಕೊಂಡವರೇ ತಮ್ಮ ಮೇಜಿನ ಮೇಲೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. 1984ರಲ್ಲಿ ಹುಟ್ಟಿದ ಅಮೆರಿಕದ ಜೈಲಿಂಕ್ಸ್ ಕಂಪನಿ 1985ರಲ್ಲಿ ಹೊರತಂದ ಇಂಥ ಮೊದಲ ಚಿಪ್ಪಿನಲ್ಲಿ 64 ತರ್ಕಘಟಕಗಳಿದ್ದವು. 2022ರಲ್ಲಿ ಆ ಕಂಪನಿಯನ್ನು ಎಎಂಡಿ ಕೊಂಡುಕೊಂಡಿತು. ಬರಿಯ ಚಿಪ್ಪನ್ನು ಕೈಯಲ್ಲಿ ಹಿಡಿದು ಏನೂ ಮಾಡಲಾಗದ ಕಾರಣ ಅದನ್ನು ಸ್ವಿಚ್ಚು, ದೀಪ, ಗಡಿಯಾರ ಸ್ಪಂದನದ ಮೂಲ, ಯುಎಸ್‌ಬಿ ಕಿಂಡಿಗಳೊಂದಿಗೆ ಒಂದು ಹಲಗೆಯ ಮೇಲೆ ಕೂರಿಸಿ ಮಾರುತ್ತಾರೆ. ಬೋರ್ಡ್ ಎಂದರೆ ಇದೇ. ಕಲಿಕೆಯಲ್ಲಿ ಹೆಚ್ಚು ಬಳಕೆಯಾಗುವ ಡಿಜಿಲೆಂಟ್ ಕಂಪನಿಯ ಬೇಸಿಸ್ 3 ಬೋರ್ಡಿನಲ್ಲಿ ಆರ್ಟಿಕ್ಸ್-7 ಕುಟುಂಬದ ಒಂದು ಚಿಪ್ಪು, 16 ಜಾರುಸ್ವಿಚ್ಚುಗಳು, 16 ಪುಟ್ಟ ದೀಪಗಳು, 5 ಒತ್ತುಗುಂಡಿಗಳು, ನಾಲ್ಕು ಅಂಕಿ ತೋರಿಸುವ ಫಲಕ ಮತ್ತು ಸೆಕೆಂಡಿಗೆ 10 ಕೋಟಿ ಸಲ ಮಿಡಿಯುವ ಗಡಿಯಾರ ಇರುತ್ತವೆ. ಈ ಚಿಪ್ಪುಗಳಿಗೆ ವಿನ್ಯಾಸ ಬರೆಯುವ ತಂತ್ರಾಂಶ 2012ರಲ್ಲಿ ಬಂದ ವಿವಾಡೋ. ಅದಕ್ಕೆ ಆಜ್ಞೆ ಕೊಡುವ ಭಾಷೆಯಾದ ಟಿಸಿಎಲ್ ಅನ್ನು, ‘ಟಿಕಲ್’ ಎಂದು ಕರೆಯಲಾಗುವ ಭಾಷೆಯನ್ನು, ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿದ್ದ ಜಾನ್ ಔಸ್ಟರ್‌ಹೌಟ್ 1988ರ ಹೊತ್ತಿಗೆ ರೂಪಿಸಿದರು.

ವಿವಾಡೋದ ಕೆಳಭಾಗದಲ್ಲಿರುವ ಆಜ್ಞೆಯ ಸಾಲಿನಲ್ಲಿ ‘ಗೆಟ್_ಬೋರ್ಡ್ಸ್’ ಎಂದು ಬರೆದು ಎಂಟರ್ ಒತ್ತಿದರೆ ತಂತ್ರಾಂಶ ತನಗೆ ತಿಳಿದ ಬೋರ್ಡುಗಳ ಪಟ್ಟಿಯನ್ನು ಕೊಡುತ್ತದೆ. ‘ಗೆಟ್_ಬೋರ್ಡ್_ಪಾರ್ಟ್ಸ್’ ಎಂಬ ಸೋದರ ಆಜ್ಞೆ ಆ ಬೋರ್ಡುಗಳ ಮೇಲೆ ಕುಳಿತ, ವಿನ್ಯಾಸಕ್ಕೆ ಒದಗುವ ಚಿಪ್ಪುಭಾಗಗಳನ್ನು ಹೆಸರಿಸುತ್ತದೆ. ಹೆಸರು ನಾಲ್ಕು ತುಂಡುಗಳದ್ದು: ತಯಾರಕರು ಯಾರು, ಬೋರ್ಡಿನ ಹೆಸರೇನು, ಅದರ ಯಾವ ಭಾಗ, ಯಾವ ಆವೃತ್ತಿ ಎಂಬವನ್ನು ವಿಸರ್ಗದಂಥ ಚುಕ್ಕೆಜೋಡಿಗಳಿಂದ ಬೆಸೆದು, ಗೋತ್ರಪ್ರವರ ಒಪ್ಪಿಸುವ ಕ್ರಮದಲ್ಲಿ ಅದು ಒಪ್ಪಿಸುತ್ತದೆ. ಪೂರ್ತಿ ಹೆಸರು ನೆನಪಿಲ್ಲದವರು ಮುಂದೆ ಹಿಂದೆ ನಕ್ಷತ್ರಚಿಹ್ನೆ ಹಾಕಿ ‘ಬೇಸಿಸ್’ ಎಂಬಷ್ಟನ್ನೇ ಕೊಟ್ಟು ಹುಡುಕಬಹುದು. ಫಿಲ್ಟರ್ ಎಂಬ ಸೋಸುವ ಷರತ್ತನ್ನೂ ಸೇರಿಸಬಹುದು. ಇಷ್ಟೆಲ್ಲ ಮಾಡಿದ ಮೇಲೆ, ಬೋರ್ಡು ಕಂಪ್ಯೂಟರಿನ ಪಕ್ಕದಲ್ಲೇ ದೀಪ ಮಿನುಗಿಸುತ್ತ ಕುಳಿತಿದ್ದರೂ, ಯಾವ ಬೋರ್ಡೂ ಹೊಂದಲಿಲ್ಲವೆಂಬ ಒಂದು ಎಚ್ಚರಿಕೆಯೊಂದಿಗೆ ಖಾಲಿ ಉತ್ತರ ಬರುವುದು ಅಪರೂಪವೇನಲ್ಲ.

ಕಾರಣ ಸರಳವಾಗಿದೆ, ಆದರೆ ಸರಳವಾಗಿದೆ ಎಂಬುದಕ್ಕಾಗಿಯೇ ಅದನ್ನು ದಾಟಿಹೋಗಬಾರದು. ‘ಗೆಟ್_ಬೋರ್ಡ್ಸ್’ ಆಜ್ಞೆಯು ಮೇಜಿನ ಕಡೆಗೆ ನೋಡುವುದೇ ಇಲ್ಲ. ಅದು ನೋಡುವುದು ಡಿಸ್ಕಿನ ಕೆಲವು ಗೊತ್ತಾದ ಕಡತಕೋಶಗಳನ್ನು. ಪ್ರತಿ ಬೋರ್ಡಿಗೂ ತಯಾರಕರು ಬರೆದುಕೊಟ್ಟ ಒಂದು ವರ್ಣನೆಯ ಕಡತ, ಯಾವ ಸ್ವಿಚ್ಚು ಚಿಪ್ಪಿನ ಯಾವ ಕಾಲಿಗೆ ಸೇರಿದೆ, ಗಡಿಯಾರದ ತಂತಿ ಎಲ್ಲಿ ಬಂದು ಮುಟ್ಟುತ್ತದೆ ಎಂಬ ವಿವರಗಳ ಸಮೇತ, ಅಲ್ಲಿ ಇರಬೇಕು. ವರ್ಣನೆ ಇದ್ದರೆ ಆ ಬೋರ್ಡನ್ನು ಇಡೀ ಜಿಲ್ಲೆಯಲ್ಲಿ ಯಾರೂ ಕೊಂಡಿರದಿದ್ದರೂ ಹೆಸರು ಪಟ್ಟಿಯಲ್ಲಿ ಬರುತ್ತದೆ. ವರ್ಣನೆ ಇಲ್ಲದಿದ್ದರೆ ಕೈಯಲ್ಲಿ ಹಿಡಿದ ಬೋರ್ಡಿಗೂ ಅಲ್ಲಿ ಸ್ಥಾನವಿಲ್ಲ. ಹೆಸರು ಹೇಳಿ ಬೋರ್ಡನ್ನು ಯೋಜನೆಗೆ ಹೊಂದಿಸಲು ಹೋದಾಗ ವಿವಾಡೋ ಕೊಡುವ 49-71 ಸಂಖ್ಯೆಯ ಸಂದೇಶ ಈ ವಿಷಯದಲ್ಲಿ ಆಶ್ಚರ್ಯಪಡುವಷ್ಟು ಎಚ್ಚರದಿಂದ ಮಾತಾಡುತ್ತದೆ: ಬೋರ್ಡು ಇಲ್ಲವೆಂದು ಅದು ಹೇಳುವುದಿಲ್ಲ, ಬೋರ್ಡಿನ ನಿರೂಪಣೆ ಸಿಗಲಿಲ್ಲವೆಂದೂ, ಬೋರ್ಡಿನ ಕಡತಗಳು ಬೇರೆಡೆ ಇದ್ದರೆ ಅವುಗಳ ದಾರಿಯನ್ನು ತೋರಿಸಿ ಇದನ್ನು ಸರಿಪಡಿಸಿಕೊಳ್ಳಬಹುದೆಂದೂ ಹೇಳುತ್ತದೆ. ಸಂದೇಶ ಓದುವ ಅವಸರದಲ್ಲಿ ‘ಸಿಗಲಿಲ್ಲ’ ಎಂಬುದನ್ನು ‘ಇಲ್ಲ’ ಎಂದು ತಿರುಗಿಸಿಕೊಳ್ಳುವುದು ಓದುವವರ ಕೆಲಸವೇ ಹೊರತು ಯಂತ್ರದ್ದಲ್ಲ.

ಈ ಅವಸರವನ್ನೇ, ವೇದವಾಕ್ಯಗಳ ಅರ್ಥವನ್ನು ವಿಚಾರಿಸುವ ಮೀಮಾಂಸಕರು ಹಿಡಿದು ನಿಲ್ಲಿಸಿದ್ದು. 7ನೇ ಶತಮಾನದ ಕುಮಾರಿಲ ಭಟ್ಟ ತನ್ನ ‘ಶ್ಲೋಕವಾರ್ತಿಕ’ದಲ್ಲಿ ಅಭಾವಕ್ಕೇ ಒಂದು ಪ್ರಕರಣವನ್ನು ಮೀಸಲಿಟ್ಟು, ವಸ್ತುವೊಂದರ ಇಲ್ಲದಿರುವಿಕೆಯನ್ನು ತಿಳಿಯಲು ಇಂದ್ರಿಯಗಳಿಂದ ಅರಿಯುವ ಪ್ರತ್ಯಕ್ಷ, ತರ್ಕದಿಂದ ಊಹಿಸುವ ಅನುಮಾನಗಳು ಸಾಲವು, ಅದಕ್ಕೆ ಪ್ರತ್ಯೇಕವಾದ ಒಂದು ಪ್ರಮಾಣವೇ ಬೇಕು ಎಂದು ವಾದಿಸಿದ. ಅದೇ ಅನುಪಲಬ್ಧಿ, ಎಂದರೆ ದೊರಕದಿರುವಿಕೆಯ ಮೂಲಕವೇ ಆಗುವ ಅರಿವು. ಅದ್ವೈತ ವೇದಾಂತವೂ ಇದನ್ನು ಸ್ವೀಕರಿಸಿತು. 17ನೇ ಶತಮಾನದ ಧರ್ಮರಾಜ ಅಧ್ವರೀಂದ್ರನ ‘ವೇದಾಂತ ಪರಿಭಾಷೆ’ಯಲ್ಲಿ ಅದು ಆರನೆಯ ಪ್ರಮಾಣವಾಗಿ ಬರುತ್ತದೆ. ನ್ಯಾಯದರ್ಶನದವರಾದ ನೈಯಾಯಿಕರು ಒಪ್ಪಲಿಲ್ಲ; ಅಭಾವವು ಒಂದು ನಿಜವಾದ ಪದಾರ್ಥವೇ ಸರಿ, ಆದರೆ ಬರಿಯ ನೆಲವನ್ನು ಕಾಣುವ ಕಣ್ಣೇ ಅಲ್ಲಿ ಮಡಕೆಯಿಲ್ಲವೆಂಬುದನ್ನೂ ಕಾಣುತ್ತದೆ, ಬೇರೆ ಪ್ರಮಾಣವೇಕೆ ಎಂಬುದು ಅವರ ನಿಲುವು. ಪಕ್ಷಗಳು ಎಷ್ಟೇ ಇದ್ದರೂ ಎಲ್ಲರೂ ಒಟ್ಟಾಗಿ ಹಾಕಿದ ಒಂದು ಷರತ್ತಿದೆ, ಪ್ರಸ್ತುತ ವಿಚಾರದ ಬೇರು ಇರುವುದೂ ಅಲ್ಲಿಯೇ. ಅದು ಯೋಗ್ಯತೆ. ವಸ್ತು ಅಲ್ಲಿ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬ ಸ್ಥಿತಿಯಿದ್ದಾಗ ಮಾತ್ರ ಕಾಣದಿರುವುದು ಇಲ್ಲದಿರುವುದಕ್ಕೆ ಪ್ರಮಾಣ. ಬೆಳಕು ತುಂಬಿದ ಅಂಗಳದಲ್ಲಿ ಮಡಕೆ ಕಾಣದಿದ್ದರೆ ಮಡಕೆಯಿಲ್ಲ, ಕತ್ತಲ ಕೋಣೆಯಲ್ಲಿ ಕಾಣದಿದ್ದರೆ ಕತ್ತಲಿದೆಯೆಂಬುದಷ್ಟೇ ತಿಳಿದಂತಾಯಿತು.

ಯೋಗ್ಯತೆ ಎಲ್ಲೆಲ್ಲಿ ತಪ್ಪಬಹುದು ಎಂಬುದನ್ನು ಬೌದ್ಧ ತಾರ್ಕಿಕ ಧರ್ಮಕೀರ್ತಿ ಮೂರು ಬಗೆಯ ದೂರಗಳಾಗಿ ವಿಂಗಡಿಸಿದ್ದಾನೆ: ದೇಶದಿಂದ ದೂರವಾದದ್ದು, ಕಾಲದಿಂದ ದೂರವಾದದ್ದು, ಸ್ವಭಾವದಿಂದಲೇ ದೂರವಾದದ್ದು. ಈ ಮೂರರಲ್ಲಿ ಯಾವುದೇ ಒಂದು ದೂರ ಇರುವ ವಸ್ತು ಕಾಣದಿದ್ದರೆ ಸಂಶಯ ಹುಟ್ಟಬೇಕೇ ಹೊರತು ನಿಶ್ಚಯವಲ್ಲ. ವಿವಾಡೋ ಬಳಸುವವರ ಅನುಭವವನ್ನು ಈ ವಿಂಗಡಣೆಯ ಪಕ್ಕದಲ್ಲಿಟ್ಟರೆ ಎರಡೂ ಒಂದೇ ಕೈಯಿಂದ ಬಂದಂತೆ ಕಾಣುತ್ತವೆ. ಡಿಜಿಲೆಂಟ್ ಬೋರ್ಡುಗಳ ಕಡತಗಳು ಬಹುಕಾಲ ತಂತ್ರಾಂಶದ ಜೊತೆಗೆ ಬರುತ್ತಿರಲಿಲ್ಲ. ಅವನ್ನು ಬೇರೆಯಾಗಿ ಇಳಿಸಿಕೊಂಡು, ಸರಿಯಾದ ಕಡತಕೋಶದಲ್ಲಿ ಇಟ್ಟು, ಅಥವಾ ‘ಬೋರ್ಡ್.ರೆಪೋಪಾತ್ಸ್’ ಎಂಬ ನಿಯತಾಂಕದಲ್ಲಿ ಅವು ಇರುವ ಜಾಗವನ್ನು ನಮೂದಿಸಿದರೆ ಮಾತ್ರ ಹುಡುಕಾಟದ ಕಣ್ಣಿಗೆ ಬೀಳುತ್ತವೆ. ಅದೇ ಡಿಸ್ಕಿನ ಡೌನ್‌ಲೋಡ್ ಕೋಶದಲ್ಲಿ ಕಡತವಿದ್ದೂ ಪಟ್ಟಿ ಖಾಲಿಯಾಗಿರುವುದು ದೇಶದ ದೂರ. 2014ರ ಕೊನೆಯ ಆವೃತ್ತಿಗೂ 2015ರ ಮೊದಲ ಆವೃತ್ತಿಗೂ ನಡುವೆ ಕಡತಗಳ ವಿನ್ಯಾಸ ಬದಲಾಗಿ, ತಯಾರಕರು ‘ಹಳೆಯದು’, ‘ಹೊಸದು’ ಎಂದು ಎರಡು ಕೋಶಗಳನ್ನೇ ಮಾಡಿ ಹಂಚಬೇಕಾಗಿ ಬಂದದ್ದು ಕಾಲದ ದೂರ. ಮೂರನೆಯದಕ್ಕೆ ಹೆಚ್ಚು ವಿಚಾರ ಬೇಕು.

ಆಜ್ಞೆಯ ಕೈಯಲ್ಲಿರುವುದು ಆಗಮಪ್ರಮಾಣ, ಅಂದರೆ ಬಲ್ಲವರು ಹೇಳಿದ ಮಾತು. ತಯಾರಕರೆಂಬ ಆಪ್ತರು ಬರೆದಿಟ್ಟ ವರ್ಣನೆಯನ್ನು ಅದು ಓದುತ್ತದೆ. ಮೇಜಿನ ಮೇಲಿನ ಬೋರ್ಡು ಅಂಥ ಹುಡುಕಾಟಕ್ಕೆ ಸ್ವಭಾವದಿಂದಲೇ ಅಗೋಚರ, ಕಿವಿಗೆ ಬಣ್ಣ ಹೇಗೋ ಹಾಗೆ. ಬೋರ್ಡನ್ನು ನಿಜವಾಗಿ ಮುಟ್ಟಿ ನೋಡಬೇಕಾದರೆ ಬೇರೆಯದೇ ಆದ ಆಜ್ಞೆಗಳ ಸಾಲು ಬೇಕಾಗುತ್ತದೆ: ಹಾರ್ಡ್‌ವೇರ್ ಮ್ಯಾನೇಜರನ್ನು ತೆರೆದು, ಸರ್ವರಿಗೆ ಸೇರಿಸಿ, ಯುಎಸ್‌ಬಿ ತಂತಿಯ ಆಚೆ ತುದಿಯಲ್ಲಿ ಯಾರಿದ್ದಾರೆಂದು ‘ಗೆಟ್_ಎಚ್‌ಡಬ್ಲ್ಯೂ_ಟಾರ್ಗೆಟ್ಸ್’ ಎಂದು ಕೇಳಿ, ಸಿಕ್ಕ ಗುರಿಯನ್ನು ತೆರೆದು, ಅದರೊಳಗಿನ ಚಿಪ್ಪುಗಳನ್ನು ‘ಗೆಟ್_ಎಚ್‌ಡಬ್ಲ್ಯೂ_ಡಿವೈಸಸ್’ ಎಂಬುದರಿಂದ ಪಡೆಯಬೇಕು. ಆಗ ಚಿಪ್ಪು ಜೆಟ್ಯಾಗ್ ಎಂಬ, 1990ರಲ್ಲಿ ಮಾನಕವಾದ ಪರೀಕ್ಷಾಮಾರ್ಗದ ಮೂಲಕ ತನ್ನೊಳಗೆ ಕೆತ್ತಿರುವ 32 ಬಿಟ್ಟುಗಳ ಗುರುತುಸಂಖ್ಯೆಯನ್ನು ತಾನೇ ಹೇಳುತ್ತದೆ. ಇದನ್ನು ಪ್ರತ್ಯಕ್ಷವೆಂದು ಕರೆಯಲು ಅಡ್ಡಿಯಿಲ್ಲ. ಇಲ್ಲಿ ಸಿಕ್ಕದ್ದು ನಿಜವಾಗಿ ಇದೆ, ವಿದ್ಯುತ್ತು ಹರಿಯುತ್ತಿರುವಾಗ ಇದೆ, ಈ ತಂತಿಗೆ ಸೇರಿಕೊಂಡಂತೆ ಇದೆ.

ಆದರೂ ಈ ಪ್ರತ್ಯಕ್ಷಕ್ಕೂ ಒಂದು ಮಿತಿಯಿದೆ, ಆ ಮಿತಿ ದಾರ್ಶನಿಕರಿಗೆ ಖುಷಿ ಕೊಡುವಂಥದ್ದು. ಆ ಗುರುತುಸಂಖ್ಯೆ ಹೇಳುವುದು ಚಿಪ್ಪು ಯಾವುದೆಂದೇ ಹೊರತು ಬೋರ್ಡು ಯಾವುದೆಂದಲ್ಲ. ಬೇಸಿಸ್ 3ರ ಮೇಲಿರುವುದೂ ಅದೇ ಕಂಪನಿಯ ಆರ್ಟಿ ಎ7 ಬೋರ್ಡಿನ 35ಟಿ ಮಾದರಿಯ ಮೇಲಿರುವುದೂ ಒಂದೇ ಜಾತಿಯ ಚಿಪ್ಪಾದ್ದರಿಂದ ಎರಡೂ ಒಂದೇ ಸಂಖ್ಯೆಯನ್ನು ಹೇಳುತ್ತವೆ. 16 ಸ್ವಿಚ್ಚುಗಳಿವೆಯೋ ನಾಲ್ಕಿವೆಯೋ ಎಂಬುದು ಚಿಪ್ಪಿಗೆ ಗೊತ್ತಿಲ್ಲ. ಭಾಗಗಳನ್ನು ಮೀರಿದ ಒಂದು ‘ಅವಯವಿ’, ಅಂದರೆ ಭಾಗಗಳಿಂದಾದರೂ ಭಾಗಗಳಷ್ಟೇ ಅಲ್ಲದ ಇಡಿಯ ವಸ್ತು, ಇದೆಯೆಂದು ನೈಯಾಯಿಕರು ಬೌದ್ಧರ ವಿರುದ್ಧ ಹೂಡಿದ ದೀರ್ಘ ವಾದ ಇಲ್ಲಿ ಮತ್ತೆ ತಲೆಯೆತ್ತುತ್ತದೆ. ಚಿಪ್ಪನ್ನು ಮುಟ್ಟಬಹುದು, ಬೋರ್ಡನ್ನು ಬೋರ್ಡೆಂದು ತಿಳಿಯಲು ಮಾತ್ರ ಮತ್ತೆ ವರ್ಣನೆಯ ಕಡತಕ್ಕೇ ಮರಳಬೇಕು. ತಿರುಗುಮುರುಗಾಗಿಯೂ ಈ ನಂಟು ನಿಜ: ತಂತ್ರಾಂಶವನ್ನು ಅನುಸ್ಥಾಪಿಸುವಾಗ ಜಾಗ ಉಳಿಸಲೆಂದು ಆರ್ಟಿಕ್ಸ್-7 ಕುಟುಂಬವನ್ನು ಬಿಟ್ಟುಬಿಟ್ಟಿದ್ದರೆ, ವರ್ಣನೆಯ ಕಡತ ಸರಿಯಾದ ಜಾಗದಲ್ಲಿದ್ದರೂ, ಅದರಲ್ಲಿ ಹೇಳಿದ ಚಿಪ್ಪು ಲಭ್ಯವಿಲ್ಲವೆಂದು ವಿವಾಡೋ ಆ ಬೋರ್ಡನ್ನು ಪಟ್ಟಿಗೆ ಸೇರಿಸುವುದಿಲ್ಲ. ಅವಯವದ ಅಭಾವ ಅವಯವಿಯ ಅಭಾವವಾಗಿ ತೋರಿಬರುತ್ತದೆ. ಖಾಲಿ ಪಟ್ಟಿಯನ್ನು ನೋಡುವವರಿಗಂತೂ ಯಾವುದು ಯಾವುದರ ಅಭಾವವೆಂದು ತಿಳಿಯುವ ಬಗೆಯಿಲ್ಲ.

ಕಾವೇರಿಯ ಇದೇ ಸೀಮೆಯಲ್ಲಿ ಖಾಲಿತನದ ಬಗ್ಗೆ ಇನ್ನೊಂದು ಉತ್ತರವೂ ಸಿದ್ಧವಿತ್ತು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರಕ್ಕೆ ಹತ್ತಿರದಲ್ಲಿ, ನದಿಯ ಆಚೆ ದಡದ ಸತ್ತೇಗಾಲದಲ್ಲಿ, 14ನೇ ಶತಮಾನದಲ್ಲಿ ತಮಿಳು ನಾಡಿನ ಶ್ರೀರಂಗ ದಾಳಿಗೊಳಗಾದಾಗ ವೇದಾಂತ ದೇಶಿಕರು ಬಂದು ನೆಲೆಸಿದ್ದರೆಂದು ಶ್ರೀವೈಷ್ಣವ ಸಂಪ್ರದಾಯ ನಂಬುತ್ತದೆ. ಮಂಡ್ಯ ಜಿಲ್ಲೆಯ ಮೇಲುಕೋಟೆಯೊಂದಿಗೂ ಅದು ಅವರ ಹೆಸರನ್ನು ಸೇರಿಸುತ್ತದೆ. ದೇಶಿಕರು ಎತ್ತಿಹಿಡಿದ ವಿಶಿಷ್ಟಾದ್ವೈತ ದರ್ಶನದಲ್ಲಿ ಪ್ರಮಾಣಗಳು ಮೂರೇ: ಪ್ರತ್ಯಕ್ಷ, ಅನುಮಾನ, ಮತ್ತು ಆಗಮವೆಂದೂ ಕರೆಯುವ ಶಬ್ದ. ಅನುಪಲಬ್ಧಿಗೆ ಅಲ್ಲಿ ಪ್ರತ್ಯೇಕ ಸ್ಥಾನವಿಲ್ಲ, ಏಕೆಂದರೆ ಅಭಾವವೆಂಬ ಪ್ರತ್ಯೇಕ ಪದಾರ್ಥವೇ ಇಲ್ಲ. ಒಂದರ ಅಭಾವವೆಂದರೆ ಇನ್ನೊಂದರ ಭಾವ, ಶಾಸ್ತ್ರದ ಮಾತಿನಲ್ಲಿ ಭಾವಾಂತರ. ಮಡಕೆ ಹುಟ್ಟುವ ಮುಂಚಿನ ಅದರ ಅಭಾವವೆಂದರೆ ಮಣ್ಣಿನ ಮುದ್ದೆ, ಒಡೆದ ಮೇಲಿನ ಅಭಾವವೆಂದರೆ ಬೋಕಿಗಳು, ಇಲ್ಲಿ ಈಗ ಇಲ್ಲವೆಂದರೆ ಇಲ್ಲಿರುವ ಬರಿಯ ನೆಲ. ಈ ನೋಟ ಟಿಸಿಎಲ್ ಭಾಷೆಯ ಸ್ವಭಾವಕ್ಕೆ ಅಚ್ಚರಿಯಾಗುವಷ್ಟು ಹೊಂದುತ್ತದೆ. ಆ ಭಾಷೆಯಲ್ಲಿ ಪ್ರತಿಯೊಂದು ಮೌಲ್ಯವೂ ಅಕ್ಷರಗಳ ಒಂದು ಮಾಲೆ. ಏನೂ ಸಿಗದಾಗ ಬರುವ ಉತ್ತರವೂ ಅಕ್ಷರವಿಲ್ಲದ ಒಂದು ಮಾಲೆಯೇ, ಅದಕ್ಕೊಂದು ಹೆಸರಿಟ್ಟು ಇಟ್ಟುಕೊಳ್ಳಬಹುದು, ಅದರ ಉದ್ದ ಅಳೆಯಬಹುದು, ಅಳೆದರೆ ಸೊನ್ನೆ ಬರುತ್ತದೆ. ಖಾಲಿ ಪಟ್ಟಿಯೂ ಒಂದು ಪಟ್ಟಿ. ಅದು ಇಂಥ ಕಡತಕೋಶಗಳ ಇಂಥ ಸ್ಥಿತಿಯ ಬಗ್ಗೆ ಬಂದ ಭಾವರೂಪದ ವರದಿ. ಆ ಸ್ಥಿತಿಯನ್ನು ಬಿಟ್ಟು ಬೇರೆ ಯಾವುದರ ಬಗ್ಗೆಯೂ ಅದು ಏನನ್ನೂ ಹೇಳಿಲ್ಲ.

ಖಾಲಿ ಉತ್ತರವೆಂದರೆ ಏನು ಎಂಬುದಕ್ಕೆ ವಿಶಿಷ್ಟಾದ್ವೈತಿಗಳ ವಿವರಣೆಯೂ, ಅದನ್ನು ಯಾವಾಗ ನಂಬಬೇಕು ಎಂಬುದಕ್ಕೆ ಕುಮಾರಿಲ ಭಟ್ಟನ ಅನುಯಾಯಿಗಳಾದ ಭಾಟ್ಟರ ಯೋಗ್ಯತೆಯ ಷರತ್ತೂ ಹೆಚ್ಚು ಒಪ್ಪುವಂತಿವೆ ಎನ್ನಬೇಕು. ಎರಡು ಪಕ್ಷಗಳೂ ಒಂದನ್ನೊಂದು ಖಂಡಿಸಿದವೆಂಬ ಕಾರಣಕ್ಕೆ ಓದುಗರು ಒಂದನ್ನೇ ಆರಿಸಿಕೊಳ್ಳಬೇಕೆಂದೇನೂ ಇಲ್ಲ. ಶಿವನಸಮುದ್ರವೇ ಇದಕ್ಕೊಂದು ನಿದರ್ಶನವನ್ನು ಒದಗಿಸುತ್ತದೆ. 1902ರ ಜೂನ್ 30ರಂದು ಅಲ್ಲಿನ ಜಲವಿದ್ಯುದಾಗಾರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯತೊಡಗಿತು. ಅಂದಿನ ಲೋಕದಲ್ಲಿ ಅಷ್ಟು ಉದ್ದದ ತಂತಿಸಾಲುಗಳು ತೀರ ವಿರಳ. ಅಂಥ ಸಾಲಿನ ಕೊನೆಯಲ್ಲಿ ಗಣಿಯ ಯಂತ್ರವೊಂದು ನಿಂತರೆ, ನಿಂತದ್ದು ಖಚಿತ, ಕಾರಣ ಮಾತ್ರ ಆ 147 ಕಿಲೋಮೀಟರುಗಳಲ್ಲಿ ಎಲ್ಲಿ ಬೇಕಾದರೂ ಇರಬಹುದು. ನಿಂತ ಯಂತ್ರ ಒಂದು ಭಾವ, ಕಣ್ಣಿಗೆ ಕಾಣುವ ಸ್ಥಿತಿ. ಆದರೆ ಕಾವೇರಿ ಬತ್ತಿದೆಯೆಂದು ಅದರಿಂದ ಹೇಳುವ ಯೋಗ್ಯತೆ ಗಣಿಯಲ್ಲಿ ನಿಂತು ನೋಡುವವರಿಗೆ ಇಲ್ಲ.

ಯೋಗ್ಯತೆಯ ಷರತ್ತನ್ನು ದೇವರ ಪ್ರಶ್ನೆಗೆ ತಂದವನು 10-11ನೇ ಶತಮಾನಗಳ ನೈಯಾಯಿಕ ಉದಯನ. ಈಶ್ವರನು ಯಾರಿಗೂ ಕಾಣುವುದಿಲ್ಲ, ಆದ್ದರಿಂದ ಇಲ್ಲ ಎನ್ನುವವರಿಗೆ ತನ್ನ ‘ನ್ಯಾಯಕುಸುಮಾಂಜಲಿ’ಯ ಮೂರನೆಯ ಸ್ತಬಕದಲ್ಲಿ ಅವನು ಕೊಟ್ಟ ಉತ್ತರ ಇದು: ಕಾಣಲು ಯೋಗ್ಯವಾದದ್ದು ಕಾಣದಿದ್ದರೆ ಇಲ್ಲವೆನ್ನಬಹುದು, ಪರಮಾತ್ಮ ಕಣ್ಣಿಗೆ ಗೋಚರಿಸುವ ಸ್ವಭಾವದವನೇ ಅಲ್ಲದಿರುವಾಗ ಕಾಣದಿರುವುದರಿಂದ ಏನು ಸಾಧಿಸಿದಂತಾಯಿತು? ಹಾಗಾದರೆ ಮೊಲದ ಕೊಂಬನ್ನೂ ಇಲ್ಲವೆನ್ನಲಾಗದಲ್ಲ ಎಂದು ಎದುರಾಳಿ ಕೆಣಕಿದಾಗ, ಕೊಂಬೆಂಬುದು ಸ್ವಭಾವತಃ ಕಾಣುವ ವಸ್ತು, ಮೊಲಕ್ಕೆ ಇದ್ದಿದ್ದರೆ ಕಾಣುತ್ತಿತ್ತು, ಆದ್ದರಿಂದ ಅದು ಇಲ್ಲವೆಂಬುದು ನಿಶ್ಚಯವೇ ಎಂದು ಉದಯನ ಬಿಡಿಸಿಕೊಳ್ಳುತ್ತಾನೆ. ತರ್ಕವಾಗಿ ಇದು ಬಿಗಿಯಾಗಿದೆ, ಭಕ್ತಿಯಾಗಿ ಇದಕ್ಕೆ ತೆರಬೇಕಾದ ಬೆಲೆ ದೊಡ್ಡದು. ಯಾವ ಹುಡುಕಾಟಕ್ಕೂ ಸಿಗದವನೆಂದು ದೇವರನ್ನು ಖಂಡನೆಯಿಂದ ಕಾಪಾಡಿದ ಮೇಲೆ, ಅದೇ ವಾದ ಅವನನ್ನು ಹುಡುಕುವವರ ಕೈಯಿಂದಲೂ ತಪ್ಪಿಸಿಬಿಡುತ್ತದೆ. ಅಷ್ಟೇ ಅಲ್ಲ, ಕಾಣದ ಪಿಶಾಚಿಗೂ ಅದೇ ರಕ್ಷಣೆ ದೊರೆಯುತ್ತದೆ. ಉದಯನನಿಗೆ ಇದು ತಿಳಿಯದ ವಿಷಯವಲ್ಲ, ಆದ್ದರಿಂದಲೇ ಅವನು ಈಶ್ವರನನ್ನು ಅನುಮಾನದಿಂದ ಸಾಧಿಸಲು ಬೇರೆ ಹೇತುಗಳನ್ನು ಹೂಡುತ್ತಾನೆ. ಆದರೂ ‘ಕಾಣದವನು’ ಎಂಬಲ್ಲಿಗೆ ಅವನ ದೇವರು ನಿಂತುಬಿಡುತ್ತಾನೆ.

ಮಳವಳ್ಳಿ, ಮದ್ದೂರುಗಳ ಹಳ್ಳಿಗಳಲ್ಲಿ ಹಾಡಿನ ರೂಪದಲ್ಲಿ ಉಳಿದುಬಂದ ಧರ್ಮ ಈ ವಿಷಯದಲ್ಲಿ ತೀರ ಬೇರೆಯ ದಾರಿ ಹಿಡಿದಿದೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಗದ್ದಿಗೆಯಾದ ಮಂಟೇಸ್ವಾಮಿಯ ಮಹಾಕಾವ್ಯವನ್ನು ನೀಲಗಾರರೆಂಬ ಗಾಯಕರು ತಂಬೂರಿ ಹಿಡಿದು ಇರುಳಿಡೀ ಹಾಡುತ್ತಾರೆ. ‘ಧರೆಗೆ ದೊಡ್ಡವರು’ ಎಂದು ಅವರು ಕರೆಯುವ ಈ ಗುರು ಬಸವಣ್ಣನ ಕಲ್ಯಾಣಕ್ಕೆ ಬರುವುದು ರೋಗ ಹಿಡಿದ, ನಾರುವ, ಕೀಳೆಂದು ಜನ ದೂರವಿಡುವ ದೇಹವನ್ನು ಹೊತ್ತು. ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರಿಗೆ ಬಾಗಿಲು ತೆರೆದ ಊರಿನಲ್ಲಿ, ಎಲ್ಲರೂ ಕಾಯುತ್ತಿದ್ದವನಿಗೇ ಬಾಗಿಲು ಮುಚ್ಚುತ್ತದೆ. ಇಲ್ಲಿ ದೇವರು ಅಗೋಚರನಲ್ಲ. ಕಣ್ಣಿಗೂ ಮೂಗಿಗೂ ಸಾಕಷ್ಟು ಗೋಚರನಾಗಿಯೇ ಬಂದಿದ್ದಾನೆ. ದೇಶ, ಕಾಲ, ಸ್ವಭಾವ ಎಂಬ ಮೂರು ದೂರಗಳಲ್ಲಿ ಯಾವುದೂ ಇಲ್ಲ. ತಪ್ಪಿದ್ದು ಹುಡುಕುವವರು ಕೈಯಲ್ಲಿ ಹಿಡಿದ ಮಾದರಿ: ವಿಭೂತಿ, ಕಾವಿ, ಶುಚಿ ಎಂಬ ಷರತ್ತುಗಳ ಸೋಸಣಿಗೆ. ನೈಯಾಯಿಕರು ಬೆಳಕು, ಕಣ್ಣು, ವಸ್ತುವಿನ ಗಾತ್ರ ಎಂದು ಯೋಗ್ಯತೆಯ ಅಂಗಗಳನ್ನು ಪಟ್ಟಿ ಮಾಡುವಾಗ ಈ ಅಂಗವನ್ನು ಎಣಿಸಿದ್ದು ಕಡಿಮೆ. ಯಾರು ಬಂದರೆ ಒಳಗೆ ಬಿಡಬೇಕೆಂದು ಮೊದಲೇ ಗೊತ್ತುಮಾಡಿಕೊಂಡ ಸಮಾಜದ ಕಣ್ಣು ಬೆಳಕಿನಲ್ಲೂ ಕುರುಡಾಗಬಲ್ಲದು ಎಂಬುದನ್ನು ನೀಲಗಾರರ ಕಾವ್ಯ ಸೇರಿಸಿತು. ಟಿಸಿಎಲ್‌ನಲ್ಲಿ ಮಾದರಿಯ ಮೊದಲಕ್ಷರವನ್ನು ದೊಡ್ಡದಾಗಿ ಬರೆದರೆ ಸಣ್ಣ ಅಕ್ಷರದಲ್ಲಿ ದಾಖಲಾದ ಬೋರ್ಡು ಹೊಂದುವುದಿಲ್ಲ, ದೊಡ್ಡದು ಸಣ್ಣದೆಂಬ ಭೇದ ಬಿಡು ಎಂದು ‘ನೋಕೇಸ್’ ಎಂಬ ಪದವನ್ನು ಜೊತೆಗೆ ಕೊಡಬೇಕಾಗುತ್ತದೆ. ಕಲ್ಯಾಣದ ಬಾಗಿಲಲ್ಲಿ ಆ ಪದವನ್ನು ಉಚ್ಚರಿಸಿದವರು ಬಸವಣ್ಣ ಮತ್ತು ಅವನ ಹೆಂಡತಿ ನೀಲಮ್ಮ ಇಬ್ಬರೇ ಎಂದು ಕಥೆಯನ್ನು ಓದಿಕೊಂಡರೆ ಅತಿಯಾಗಲಾರದು.

ಇದೇ ಕಾವ್ಯದ ಮುಂದಿನ ಸಾಲು, ಅಂದರೆ ಕಥಾಭಾಗ, ಇನ್ನೂ ಹತ್ತಿರಕ್ಕೆ ಬರುತ್ತದೆ. ಮದ್ದೂರು ತಾಲ್ಲೂಕಿನ ನಿಡಘಟ್ಟದಲ್ಲಿ, ಕಮ್ಮಾರ ಮನೆತನದ ಕೆಂಪಾಚಾರಿ ಎಂಬ ಹುಡುಗನನ್ನು ಮಂಟೇಸ್ವಾಮಿ ಶಿಷ್ಯನನ್ನಾಗಿ ಬೇಡುತ್ತಾನೆ. ಅವನೇ ಮುಂದೆ ಸಿದ್ದಪ್ಪಾಜಿ. ಗುರು ಅವನನ್ನು ಕಬ್ಬಿಣದ ಭಿಕ್ಷೆ ತರಲು ಮಳವಳ್ಳಿ ತಾಲ್ಲೂಕಿನ ಹಲಗೂರಿಗೆ, ಅವನದೇ ಕುಲದ ಪಾಂಚಾಳರ ಬಳಿಗೆ ಕಳಿಸುತ್ತಾನೆ. ಹಲಗೂರು ಕುಲುಮೆಗಳ ಊರು; ಕಬ್ಬಿಣವಿಲ್ಲದೆ ಅಲ್ಲಿ ದಿನ ನಡೆಯದು. ಆದರೂ ಭಿಕ್ಷೆ ಹುಟ್ಟುವುದಿಲ್ಲ. ನಿರಾಕರಣೆ, ಅವಮಾನ, ಪರೀಕ್ಷೆಯ ಮೇಲೆ ಪರೀಕ್ಷೆ ಎದುರಾಗಿ, ಕೊನೆಗೆ ಪವಾಡಗಳ ಮೂಲಕವೇ ಅವನು ಆ ಊರನ್ನು ಗೆಲ್ಲಬೇಕಾಗುತ್ತದೆ. ಪ್ರಮಾಣಶಾಸ್ತ್ರದ ಕಣ್ಣಿನಿಂದ ನೋಡಿದರೆ ಇದು ಮೇಲೆ ಕಂಡ ಯಾವ ಬಗೆಗೂ ಸೇರದ ಸಂದರ್ಭ. ಹುಡುಕುವವನು ಕಮ್ಮಾರನ ಮಗ, ಕಬ್ಬಿಣದ ಗುರುತು ಅವನಿಗೆ ಚೆನ್ನಾಗಿ ಗೊತ್ತು. ಹುಡುಕಿದ ಜಾಗವೂ ಸರಿಯಾಗಿದೆ. ವಸ್ತು ಅಲ್ಲೇ ಇದೆ. ಉತ್ತರ ಖಾಲಿಯಾದದ್ದು ಕೊಡುವವರ ಇಚ್ಛೆಯಿಂದ. ಶಬ್ದಪ್ರಮಾಣಕ್ಕೆ ಹೇಳುವವನು ಆಪ್ತನಾಗಿರಬೇಕು, ಅಂದರೆ ತಿಳಿದಿರಬೇಕಷ್ಟೇ ಅಲ್ಲದೆ ತಿಳಿದದ್ದನ್ನು ಹೇಳುವ ಮನಸ್ಸೂ ಇರಬೇಕು ಎಂದು ನ್ಯಾಯಶಾಸ್ತ್ರ ವಿಧಿಸಿದ್ದು ಇಂಥದನ್ನು ಗಮನದಲ್ಲಿಟ್ಟೇ ಇರಬೇಕು.

ಯಂತ್ರಕ್ಕೆ ಇಚ್ಛೆಯಿಲ್ಲ, ಆದ್ದರಿಂದ ಹಲಗೂರಿನ ಮುಚ್ಚುಮರೆ ವಿವಾಡೋದಲ್ಲಿ ನಡೆಯಲಾರದು ಎಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಹುಡುಕುವವರೇ ತಮ್ಮ ಇಚ್ಛೆಯನ್ನು ಯಂತ್ರದೊಳಗೆ ಇಳಿಸಲು ದಾರಿಯಿದೆ. ಈ ಎಲ್ಲ ಆಜ್ಞೆಗಳಿಗೂ ‘ಕ್ವಯಟ್’ ಎಂಬ ಒಂದು ಪದವನ್ನು ಸೇರಿಸಬಹುದು. ಸೇರಿಸಿದರೆ ತಪ್ಪು ನಡೆದರೂ, ಏನೂ ಹೊಂದದಿದ್ದರೂ ಸಂದೇಶ ಬರುವುದಿಲ್ಲ, ಎಲ್ಲವೂ ಸರಿಯಾಗಿ ನಡೆಯಿತೆಂಬ ಉತ್ತರದೊಂದಿಗೆ ಖಾಲಿ ಮಾಲೆಯೊಂದು ಮಾತ್ರ ಹಿಂದಿರುಗುತ್ತದೆ. ದೀರ್ಘವಾದ ಸ್ಕ್ರಿಪ್ಟುಗಳಲ್ಲಿ, ಅಂದರೆ ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಕಡತಗಳಲ್ಲಿ, ಪರದೆ ತುಂಬ ಎಚ್ಚರಿಕೆಗಳು ಸುರಿಯುವುದನ್ನು ತಡೆಯಲು ಇದು ಉಪಯುಕ್ತ, ಅನುಭವಿಗಳು ಧಾರಾಳವಾಗಿ ಬಳಸುತ್ತಾರೆ. ಅಂಥ ಸ್ಕ್ರಿಪ್ಟನ್ನು ಬರೆದವರು ಬಿಟ್ಟುಹೋಗಿ, ಬಳಸುವವರು ಬೇರೆಯವರಾದಾಗ ‘ಸಿಗಲಿಲ್ಲ’ ಎಂಬ ಎಚ್ಚರಿಕೆಯಲ್ಲಿ ಉಳಿದಿದ್ದ ಪ್ರಾಮಾಣಿಕತೆಯೂ ಅಳಿಸಿಹೋಗುತ್ತದೆ. ಹುಡುಕಾಟ ನಡೆಯಿತೋ, ನಡೆಯುವ ಮುಂಚೆಯೇ ಮುರಿದುಬಿತ್ತೋ, ಎಲ್ಲಿ ಹುಡುಕಲಾಯಿತು, ಯಾವ ಮಾದರಿಯಿಂದ ಹುಡುಕಲಾಯಿತು ಎಂಬ ಯಾವ ಭೇದವೂ ಸೊನ್ನೆ ಉದ್ದದ ಆ ಮಾಲೆಯಲ್ಲಿ ಕಾಣುವುದಿಲ್ಲ. ಭಾಟ್ಟರ ಲೆಕ್ಕದಲ್ಲಿ ಅದು ಅನುಪಲಬ್ಧಿಯೇ ಅಲ್ಲ, ಏಕೆಂದರೆ ಯೋಗ್ಯತೆಯನ್ನು ಪರೀಕ್ಷಿಸಲು ಬೇಕಾದ ಸಾಮಗ್ರಿಯೇ ಅಲ್ಲಿಲ್ಲ. ದೇಶಿಕರ ಲೆಕ್ಕದಲ್ಲಿ ಅದೂ ಒಂದು ಭಾವವೇ ಸರಿ, ಆದರೆ ಯಾವುದರ ಭಾವವೆಂದು ಹೇಳಬೇಕಾದರೆ ಆ ಪದವನ್ನು ತೆಗೆದುಹಾಕಿ, ಸಂದೇಶಗಳು ಬರಲಿ ಎಂದು, ಆಜ್ಞೆಯನ್ನು ಇನ್ನೊಮ್ಮೆ ಓಡಿಸಬೇಕು.